ಬಾಟಲಿ ಮ್ಯಾಗ್ನೆಟೋಮೀಟರ್: 41,100ರ ಗಂಟು ಬಿಚ್ಚಿತು

ಮೊನ್ನೆ ರಾತ್ರಿ ವಾಣಿವಿಲಾಸ ಸಾಗರದ ಹಿನ್ನೀರಿನ ದಂಡೆಯಲ್ಲಿ, ಚಿಕ್ಕಪ್ಪನ ಹೊಲದಲ್ಲಿ, ಇಯರ್‌ಫೋನ್ ಹಾಕಿಕೊಂಡು ಕೂತಿದ್ದೆ. ಒಂಬತ್ತೂವರೆಗೆ ತ್ರೀ ಫೇಸ್ ಕರೆಂಟ್ ಹೋಯಿತು. ದಂಡೆ ಉದ್ದಕ್ಕೂ ಓಡುತ್ತಿದ್ದ ಪಂಪ್‌ಸೆಟ್‌ಗಳು ಒಂದೇ ಸಲ ಸುಮ್ಮನಾದವು. ಅದೇ ಕ್ಷಣ ನನ್ನ ಕಿವಿಯೊಳಗಿನ ಸದ್ದೂ ನಿಂತುಹೋಯಿತು. ಮೂರು ವಾರದಿಂದ ಅದನ್ನೇ ಪ್ರೋಟಾನ್‌ಗಳ ದನಿ ಅಂತ ನಂಬಿ ಲೆಕ್ಕ ಬರೆದಿದ್ದೆ. ನಾನು ಕಟ್ಟಿದ್ದು ಭೂಮಿಯ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್: ತಂತಿ ಸುತ್ತಿದ ನೀರಿನ ಬಾಟಲಿ. ಕರೆಂಟ್ ಕೊಟ್ಟು ನಿಲ್ಲಿಸಿದರೆ ನೀರಿನೊಳಗಿನ ಪ್ರೋಟಾನ್‌ಗಳು ಕಾಯಿಲ್‌ನಲ್ಲಿ ಸಣ್ಣ ದನಿ ಎಬ್ಬಿಸುತ್ತವೆ. ಕ್ಷೇತ್ರ ಬಲವಾದಷ್ಟೂ ಶ್ರುತಿ ಮೇಲೆ. ಕೌಂಟರ್ ಅದನ್ನು ಎಣಿಸಿ ಕ್ಷೇತ್ರ ಎಷ್ಟು ಅಂತ ತೋರಿಸುತ್ತದೆ.

ಕಾಯಿಲ್ ಸುತ್ತಿದ್ದು, ಆಂಪ್ಲಿಫೈಯರ್ ಬೆಸೆದಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಬಿಡ್ತೀನಿ. ಬಾಟಲಿಗೆ ಸೀಮೆಎಣ್ಣೆ ಹಾಕುವ ಆಸೆ ಇತ್ತು. ಈಗ ಅದು ಸಿಗುವುದೇ ಕಷ್ಟ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತುಂಬಿಸಿದೆ. 12 ವೋಲ್ಟ್ ಬ್ಯಾಟರಿಯಿಂದ ಐದು ಸೆಕೆಂಡು ಕರೆಂಟ್ ಕೊಟ್ಟು ಕಿತ್ತರೆ ಆಯಿತು.

ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಇದು ಚಿತ್ರದುರ್ಗ ಶಿಸ್ಟ್ ಪಟ್ಟಿ, ಅಂದರೆ ಹಳೇ ಪದರಗಲ್ಲಿನ ಉದ್ದನೆಯ ಪ್ರದೇಶ. ಹೊಲದ ಮೇಲ್ತುದಿಯಲ್ಲಿ ಕೆಂಪು ಕಪ್ಪು ಗೆರೆ ಗೆರೆಯಾದ ಕಬ್ಬಿಣದ ಕಲ್ಲಿನ ಪಟ್ಟಿ ನೆಲದಿಂದ ಮೊಳದೆತ್ತರ ಎದ್ದಿದೆ. ಹೊಸದಾಗಿ ಒಡೆದ ಚೂರಿಗೆ ಆಯಸ್ಕಾಂತ ತಂದರೆ ಟಕ್ ಅಂತ ಹಿಡಿಯುತ್ತದೆ. ಗೆರೆಯ ಪಕ್ಕ ದಿಕ್ಸೂಚಿ ಇಟ್ಟರೆ ಮುಳ್ಳು ಸರಿಯಾಗಿ ನಿಲ್ಲುವುದೇ ಇಲ್ಲ. ಆ ಕಬ್ಬಿಣದ ಪಟ್ಟಿ ಇಳಿಜಾರಿನಲ್ಲಿ ಮಣ್ಣಿನಡಿ ಮರೆಯಾಗಿ ನೀರಿನ ಕಡೆ ಹೋಗುತ್ತದೆ. ಎಲ್ಲಿವರೆಗೆ ಅನ್ನುವುದೇ ನನ್ನ ಪ್ರಶ್ನೆ. 2022ರಲ್ಲಿ ಡ್ಯಾಮ್ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, ಆಗ ಚಿಕ್ಕಪ್ಪ ಚಿಕ್ಕಂದಿನಿಂದ ದನ ಮೇಯಿಸಿದ ಬಂಡೆಯೆಲ್ಲ ಮುಳುಗಿತು. ಕಣ್ಣಿಗೆ ಕಾಣುತ್ತಿದ್ದ ಜಾಡು ಹೋಯಿತು. ಉಪಕರಣ ಕಟ್ಟೋಣ ಅನ್ನಿಸಿದ್ದೇ ಆಗ.

ಈಗ ಗಂಟಿನ ವಿಷಯ. ಹೊಲದ ಕೆಳಗಡೆ ಅಳತೆ ಚೆನ್ನಾಗಿ ಏರಿಳಿಯುತ್ತಿತ್ತು. ಪಟ್ಟಿಯ ನೆತ್ತಿಗೆ ಹೋದರೆ ಮಾತ್ರ 41,100 ನ್ಯಾನೋಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ; ಸಾವಿರ ಸೇರಿದರೆ ಒಂದು ಮೈಕ್ರೋಟೆಸ್ಲಾ). ಎರಡು ಮೀಟರ್ ಸರಿದರೂ 41,100. ಮರುದಿನ 41,090. ದಿಕ್ಸೂಚಿ ಹುಚ್ಚು ಹಿಡಿದ ಹಾಗೆ ತಿರುಗುವ ಜಾಗದಲ್ಲಿ ಅಳತೆ ಇಷ್ಟು ನೆಟ್ಟಗೆ ಇರಬಾರದು, ಅಲ್ವಾ? ಮೊದಲು ನನ್ನನ್ನೇ ಅನುಮಾನಿಸಿದೆ. ಬೆಲ್ಟ್ ಬಿಚ್ಚಿಟ್ಟೆ. ಮೊಬೈಲ್, ಬೈಕ್ ಕೀ ಎಲ್ಲ ಐವತ್ತು ಮೀಟರ್ ಆಚೆ ಬೇವಿನ ಮರದಡಿ. ಬಾಟಲಿ ಕಟ್ಟಿದ ಬಿದಿರು ಕೋಲಿಗೆ ಹೊಡೆದಿದ್ದ ಎರಡು ಮೊಳೆ ಕಿತ್ತು ಹುರಿ ಕಟ್ಟಿದೆ. ಬದಲಾವಣೆ ಇಲ್ಲ.

ಆಮೇಲೆ ತಂತಿ. ಅಂಗಡಿಯವರು 22 ಗೇಜ್ ಅಂತ ಅರ್ಧ ಕೆಜಿ ಕೊಟ್ಟಿದ್ದರು. ಸುತ್ತಿ ಮುಗಿಸಿದ ಮೇಲೆ ಸ್ಕ್ರೂಗೇಜ್‌ನಲ್ಲಿ ಅಳೆದರೆ 0.56 ಮಿಲಿಮೀಟರ್. ಅಂದರೆ 24 ಗೇಜ್! ಮೇಲೆ ಚೀಟಿ ಮಾತ್ರ 22. ಕೇಳಿದರೆ "ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ ಸಾರ್" ಅಂದರು. ಮೋಟಾರ್ ಸುತ್ತುವವರಿಗೂ ಹೀಗೇ ಕೊಟ್ಟರೆ ಆ ಮೋಟಾರ್ ಎಷ್ಟು ದಿನ ಬಾಳೀತು? ನನಗಂತೂ ನಷ್ಟವಾಯಿತು. ತಂತಿ ತೆಳುವಾದರೆ ರೋಧ ಜಾಸ್ತಿ, ಕರೆಂಟ್ ಕಡಿಮೆ, ಸಿಗ್ನಲ್ ಸೊರಗುತ್ತದೆ.

ಆದರೆ ನಿಜವಾದ ಕಳ್ಳ ಬೇರೆ. ಪ್ರೋಟಾನ್ ಒಂದು ಮೈಕ್ರೋಟೆಸ್ಲಾಗೆ 42.577 ಹರ್ಟ್ಸ್‌ನಂತೆ ಹಾಡುತ್ತದೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 41,000 ನ್ಯಾನೋಟೆಸ್ಲಾ. ಅಂದರೆ 1746 ಹರ್ಟ್ಸ್ ಹತ್ತಿರ. ಈಗ ಲೈನಿನ 50 ಹರ್ಟ್ಸ್ ಅನ್ನು 35ರಿಂದ ಗುಣಿಸಿ: 1750! ಅದನ್ನು ಕ್ಷೇತ್ರಕ್ಕೆ ತಿರುಗಿಸಿದರೆ 41,102. ಲೈನಿನ ಗುಂಯ್‌ಗುಡುವಿಕೆಯ ಒಂದು ಎಳೆ ನಾವು ಹುಡುಕುವ ದನಿಯ ಪಕ್ಕದಲ್ಲೇ ಕೂತಿದೆ. ಲೈನಿನ ಆವರ್ತನ ಒಂಚೂರು ಅಲುಗಾಡಿದರೆ ಅದರ ಮೇಲೇ ಬಂದು ಕೂರುತ್ತದೆ.

ಹಾಗಾದರೆ ಹೊಲದ ಕೆಳಗಡೆ ಯಾಕೆ ತೊಂದರೆ ಇರಲಿಲ್ಲ? ಅಲ್ಲಿ ಪ್ರೋಟಾನ್ ಸಿಗ್ನಲ್ ಗಟ್ಟಿಯಾಗಿತ್ತು, ಕೌಂಟರ್ ಅದನ್ನೇ ಎಣಿಸಿತು. ಕಬ್ಬಿಣದ ಪಟ್ಟಿಯ ಮೇಲೆ ಕ್ಷೇತ್ರ ಅಂಗೈಯಗಲದಲ್ಲೇ ಬದಲಾಗುತ್ತದೆ. ಬಾಟಲಿಯ ಒಂದು ತುದಿಯ ಪ್ರೋಟಾನ್ ಒಂದು ಶ್ರುತಿ, ಇನ್ನೊಂದು ತುದಿಯದು ಇನ್ನೊಂದು. ದನಿ ಕ್ಷಣದಲ್ಲಿ ಸತ್ತುಹೋಗುತ್ತದೆ. ಕೌಂಟರಿಗೆ ಉಳಿದಿದ್ದು ಲೈನ್ ಒಂದೇ. ಖಾತ್ರಿ ಮಾಡಿಕೊಳ್ಳಲು ನಿನ್ನೆ ಹಗಲು ತ್ರೀ ಫೇಸ್ ಇದ್ದಾಗ ಕಾಯಿಲ್‌ಗೆ ಕರೆಂಟ್ ಕೊಡುವ ಬ್ಯಾಟರಿಯನ್ನೇ ಕಿತ್ತು ಬಟನ್ ಒತ್ತಿದೆ. ಆಗಲೂ 41,100 ಅಂತಲೇ ತೋರಿಸಿತು!

ನಿಜವಾದ ದನಿ ಹೇಗಿರುತ್ತದೆ ಗೊತ್ತಾ? ಗುಡಿಯಲ್ಲಿ ಗಂಟೆ ಹೊಡೆದ ಮೇಲೆ ಉಳಿಯುವ ನಾದದ ಹಾಗೆ, ಎರಡು ಮೂರು ಸೆಕೆಂಡಿನಲ್ಲಿ ತೆಳ್ಳಗಾಗುತ್ತಾ ಹೋಗುತ್ತದೆ. ನಾನು ಕೇಳುತ್ತಿದ್ದದ್ದು ಆರುತ್ತಲೇ ಇರಲಿಲ್ಲ. ಕಿವಿಗೆ ಬಿದ್ದರೂ ಮನಸ್ಸಿಗೆ ಬಿದ್ದಿರಲಿಲ್ಲ.

ಎರಡನೇ ಬಾಟಲಿಗೆ ಹೊಸ ತಂತಿ, ಈ ಸಲ ಅಳೆದು ತಂದದ್ದು, ಸುತ್ತಿ ಮೊದಲನೆಯದಕ್ಕೆ ಉಲ್ಟಾ ಜೋಡಿಸಿದೆ. ಹೊರಗಿನ ಗುಂಯ್ ಎರಡರಲ್ಲೂ ಬಂದು ಒಂದನ್ನೊಂದು ಕಳೆಯುತ್ತದೆ, ಪ್ರೋಟಾನ್ ದನಿ ಕೂಡುತ್ತದೆ. ಬಾಟಲಿ ಕಲ್ಲಿನಿಂದ ದೂರ ಇರಲಿ ಅಂತ ಕೋಲನ್ನು ಒಂದು ಮೀಟರಿನಿಂದ ಎರಡೂವರೆಗೆ ಎತ್ತರಿಸಿದೆ. ಇನ್ನೊಂದು ಮಾತು: ನಾವು ಕಾಂತೀಯ ಸಮಭಾಜಕಕ್ಕೆ ಹತ್ತಿರ ಇದ್ದೇವೆ, ಕ್ಷೇತ್ರ ಹೆಚ್ಚುಕಡಿಮೆ ಉತ್ತರಕ್ಕೆ ಮಲಗಿರುತ್ತದೆ. ಕಾಯಿಲಿನ ಅಕ್ಷವನ್ನು ಪೂರ್ವ ಪಶ್ಚಿಮವಾಗಿ ಇಡಿ. ಉತ್ತರಕ್ಕೆ ಮುಖ ಮಾಡಿದರೆ ದನಿ ಬರುವುದೇ ಇಲ್ಲ.

ಈವತ್ತು ಬೆಳಿಗ್ಗೆ ಪಟ್ಟಿಗೆ ಅಡ್ಡಲಾಗಿ ನಡೆದೆ. ಮೇಲೆ 41,900. ಈಶಾನ್ಯಕ್ಕೆ ಹನ್ನೆರಡು ಮೀಟರ್ ಇಳಿದರೆ 40,300. ಆಹಾ! ಅರ್ಧ ಗಂಟೆಗೊಮ್ಮೆ ಬೇವಿನ ಮರದ ಹತ್ತಿರ ಬಂದು ಭೂಮಿಯ ಕ್ಷೇತ್ರದ ದಿನದ ಏರಿಳಿತ ತಿದ್ದಿಕೊಂಡೆ.

ಇದರ ನಡುವೆ ತಲೆಗೆ ಹೊಕ್ಕಿದ್ದು ರೆಸಿಸ್ಟಿವಿಟಿ, ಅಂದರೆ ನೆಲಕ್ಕೆ ಕರೆಂಟ್ ಹರಿಸಿ ಅದರ ರೋಧ ಅಳೆಯುವುದು. ನಾಲ್ಕು ಸ್ಟೀಲ್ ಸರಳು, ಹಳೇ ಯುಪಿಎಸ್ಸಿನ ಇನ್ವರ್ಟರ್ ಬೋರ್ಡ್, ಎರಡು ಮಲ್ಟಿಮೀಟರ್. ಮಣ್ಣು ಎಷ್ಟು ಆಳ, ಕಲ್ಲು ಎಲ್ಲಿ ಶುರು ಅಂತ ಅದು ಹೇಳುತ್ತದೆ. ಯಾರ ಹತ್ತಿರವಾದರೂ ಒಳ್ಳೆ ಸರ್ಕ್ಯೂಟ್ ಇದ್ದರೆ ಕಳಿಸಿ.

ಚಿಕ್ಕಪ್ಪ ಬಂದು ಲೆಕ್ಕದ ಪುಸ್ತಕ ನೋಡಿ ಕೇಳಿದರು: "ಚಿನ್ನ ಗಿನ್ನ ಐತೇನೋ?" ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಅದು. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯಲ್ಲಿ ಚಿನ್ನ ಸಿಕ್ಕಿದ್ದು ಇಂಥ ಗೆರೆ ಗೆರೆ ಕಬ್ಬಿಣದ ಕಲ್ಲಿನಲ್ಲೇ. ಆದರೆ ಈ ಬಾಟಲಿಗೆ ಕಾಣುವುದು ಆಯಸ್ಕಾಂತದ ಗುಣ ಇರುವ ಕಲ್ಲು ಮಾತ್ರ. ಚಿನ್ನ ಅದಕ್ಕೆ ಕಾಣುವುದಿಲ್ಲ. ನಮ್ಮದೇ ಹೊಲ ಆದರೂ ಖನಿಜಕ್ಕೆ ಅಂತ ಗುಂಡಿ ತೋಡಲು 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಪರವಾನಗಿ ಬೇಕು, ನಾನು ಒಂದು ಗುದ್ದಲಿ ಮಣ್ಣೂ ತೆಗೆದಿಲ್ಲ ಅಂದೆ. "ಹಂಗಾರೆ ಪಟ್ಟಿ ಎಲ್ಲಿಗೆ ಹೋಗ್ತದೆ ಅಂತಾದ್ರೂ ತೋರ್ಸು" ಅಂದರು.

ನೀರಿನ ಅಂಚಿನವರೆಗೂ ಕೋಲು ಹಿಡಿದು ನಡೆದೆವು. ಕೊನೆಯ ಅಳತೆ 41,760, ಪಾದ ನೀರಿನಲ್ಲಿತ್ತು. ಪಟ್ಟಿ ಇನ್ನೂ ಮುಗಿದಿಲ್ಲ, ಒಳಗೆ ಹೋಗಿದೆ. ಮೀನು ಹಿಡಿಯುವವರೊಬ್ಬರ ತೆಪ್ಪ ಕೇಳಿದ್ದಾರೆ ಚಿಕ್ಕಪ್ಪ. ಭಾನುವಾರ ಆಯಸ್ಕಾಂತ ತಗೊಂಡು ಹೋಗಿ ಅದಕ್ಕೆ ಎಲ್ಲೆಲ್ಲಿ ಮೊಳೆ ಹೊಡೆದಿದ್ದಾರೆ ನೋಡಬೇಕು.