ತೇಗದ ಜಾರು ಕಿಟಕಿಗಳ ರಿಪೇರಿ: ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಆದ ಕೆಲಸ

ಜಯನಗರದ ನಮ್ಮ ಮನೆ 1971ರದ್ದು. ಪಶ್ಚಿಮದ ಗೋಡೆಗೆ ಮೂರು ಜಾರು ಕಿಟಕಿಗಳಿವೆ: ಹಾಲ್‌ನಲ್ಲಿ ಎರಡು, ಮಹಡಿ ಕೋಣೆಯಲ್ಲಿ ಒಂದು. ರೆಕ್ಕೆ ಹೊರಕ್ಕೆ ತೆರೆದರೆ ಪಕ್ಕದ ಓಣಿಯಲ್ಲಿ ಓಡಾಡುವವರ ತಲೆಗೆ ತಗಲುತ್ತೆ ಅಂತ ತಾತ ಹೀಗೆ ಮಾಡಿಸಿದ್ದು. ಒಂದೊಂದು ಕಿಟಕಿಗೂ ಎರಡು ತೇಗದ ರೆಕ್ಕೆ, ಒಂದರ ಹಿಂದೆ ಒಂದು ಸರಿಯುತ್ತೆ. ಹೊರಗಡೆ ಕಬ್ಬಿಣದ ಗ್ರಿಲ್. ಗಾಜು ಪಿನ್‌ಹೆಡ್ ಗಾಜು, ಅಂದರೆ ಮೈಯೆಲ್ಲ ಸಣ್ಣ ಚುಕ್ಕೆಯಂಥ ಉಬ್ಬು ಇರೋದು, ಈಗಿನ ಅಂಗಡಿಗಳಲ್ಲಿ ಅದೇ ನಮೂನೆ ಹುಡುಕಬೇಕು.

ಹೋದ ವರ್ಷದ ಮಳೆಗಾಲದ ಹೊತ್ತಿಗೆ ಹಾಲ್‌ನ ಎರಡೂ ಕಿಟಕಿ ಅಲ್ಲಾಡದ ಸ್ಥಿತಿಗೆ ಬಂದವು. ಬಂದು ನೋಡಿದವರೆಲ್ಲ ಕಿತ್ತು ಹಾಕಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಕೂರಿಸಿ ಅಂದರು. ರಸ್ತೆಯ ಗದ್ದಲ ತಡೆಯೋದರಲ್ಲಿ ಯುಪಿವಿಸಿಯೇ ಮೇಲು, ಅದನ್ನು ಒಪ್ಪುತ್ತೇನೆ. ಆದರೆ ಈ ರೆಕ್ಕೆಗಳ ತುದಿ ಕತ್ತರಿಸಿ ನೋಡಿದರೆ ಬೆಳವಣಿಗೆಯ ಉಂಗುರಗಳು ಒತ್ತೊತ್ತಾಗಿ ಕೂತಿವೆ, ತೊಗಟೆ ಕಡೆಯ ಬಿಳಿ ಭಾಗ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಎಲ್ಲವೂ ಚೇಗು, ಅಂದರೆ ಮರದ ಒಳಗಿನ ಗಟ್ಟಿ ತಿರುಳು. ನಿಧಾನವಾಗಿ ಬೆಳೆದ ಮರ ಇದು. ಚಿಕ್ಕ ವಯಸ್ಸಿಗೇ ಕಡಿದ ತೋಟದ ತೇಗದಲ್ಲಿ ಇಷ್ಟು ಚೇಗು ಸಿಗೋದಿಲ್ಲ. ಕೆಳಗಿನ ನಾಲ್ಕಿಂಚು ಕೆಟ್ಟಿದೆ ಅಂತ ಉಳಿದ ಮೂರೂಮುಕ್ಕಾಲು ಅಡಿಯನ್ನೂ ಗುಜರಿಗೆ ಹಾಕೋದಕ್ಕೆ ನನಗೆ ಮನಸ್ಸು ಬರಲಿಲ್ಲ.

ಮಾರ್ಚ್

ಮಾರ್ಚ್‌ನಲ್ಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. ಬೆಂಗಳೂರಲ್ಲಿ ಗಾಳಿ ಅತ್ಯಂತ ಒಣಗಿರುವ ತಿಂಗಳು ಅದು. ಮರ ಉದ್ದಕ್ಕೆ ಹಿಗ್ಗೋದು ಲೆಕ್ಕಕ್ಕೆ ಬಾರದಷ್ಟು ಕಮ್ಮಿ, ಅಡ್ಡಕ್ಕೆ ಮಾತ್ರ ಹಿಗ್ಗುತ್ತೆ, ಕುಗ್ಗುತ್ತೆ. ಹೆಚ್ಚು ಆಡದ ಮರ ಅಂತ ಹೆಸರಾದ ತೇಗದಲ್ಲೂ ನಾಲ್ಕಿಂಚು ಅಗಲದ ಪಟ್ಟಿ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಸುಮಾರು 1 ಮಿ.ಮೀ. ವ್ಯತ್ಯಾಸ ತೋರಿಸುತ್ತೆ. ಸೆಪ್ಟೆಂಬರ್‌ನಲ್ಲಿ ಕಚ್ಚಿಕೊಂಡ ಕಿಟಕಿಯನ್ನು ಸೆಪ್ಟೆಂಬರ್‌ನಲ್ಲೇ ಕೀಸಿದರೆ ಅದು ಮಾರ್ಚ್‌ನಲ್ಲಿ ಗಡಗಡ ಅನ್ನುತ್ತೆ, ಸಂದಿನಲ್ಲಿ ಧೂಳು ಬರುತ್ತೆ. ನಮ್ಮ ಒಂದು ರೆಕ್ಕೆಯ ಅಂಚಲ್ಲಿ ಹಿಂದೆ ಯಾವಾಗಲೋ ಹಾಗೆ ಕೀಸಿದ ಗುರುತಿದೆ. ಅದಕ್ಕೇ ಮಳೆಗಾಲದಲ್ಲಿ ಎಲ್ಲೆಲ್ಲಿ ಉಜ್ಜುತ್ತಿದೆ ಅಂತ ಪೆನ್ಸಿಲ್ ಗೀಟು ಹಾಕಿಟ್ಟು, ಒಣ ಹವೆಯಲ್ಲಿ ಅದೇ ಜಾಗಗಳ ಸಂದು ಅಳೆದೆ. ಎರಡೂ ಅಳತೆ ಕೈಯಲ್ಲಿದ್ದರೆ ಎಷ್ಟು ಕೀಸಬೇಕು, ಎಲ್ಲಿ ಮುಟ್ಟಲೇಬಾರದು ಅನ್ನೋದು ಸ್ಪಷ್ಟ. ಈ ಕೆಲಸದಲ್ಲಿ ಯಾರಾದರೂ ಒಂದೇ ಒಂದು ಮಾತು ಕೇಳೋದಾದರೆ ನಾನು ಇದನ್ನೇ ಹೇಳುತ್ತೇನೆ: ಎರಡು ಕಾಲದ ಅಳತೆ ಸಿಗೋವರೆಗೆ ಕೀಸುಳಿ ಮುಟ್ಟಬೇಡಿ.

ರೆಕ್ಕೆ ಬಿಚ್ಚೋದು ಸುಲಭ. ಮೇಲಿನ ಗ್ರೂವ್, ಅಂದರೆ ರೆಕ್ಕೆ ಸರಿಯುವ ತೋಡು, ಕೆಳಗಿನದಕ್ಕಿಂತ ಆಳ ಇರುತ್ತೆ. ರೆಕ್ಕೆಯನ್ನು ಮೇಲಕ್ಕೆತ್ತಿ ಕೆಳಭಾಗವನ್ನು ಕೋಣೆಯ ಕಡೆಗೆ ಎಳೆದರೆ ಹಳಿಯಿಂದ ಕಳಚಿಕೊಳ್ಳುತ್ತೆ. ಇಬ್ಬರು ಇರಬೇಕು. 3 ಮಿ.ಮೀ. ಗಾಜು ಚದರ ಮೀಟರಿಗೆ ಏಳೂವರೆ ಕೆ.ಜಿ. ತೂಗುತ್ತೆ. ನಮ್ಮದು ಅರ್ಧ ಚದರ ಮೀಟರ್, ಅದರ ಮೇಲೆ ಮರದ ಭಾರ.

ರೆಕ್ಕೆ ತೇಗ ಅಂತ ವಾಸನೆಯಲ್ಲೇ ಗೊತ್ತಾಯಿತು. ಕೀಸಿದಾಗ ಚರ್ಮದಂಥ ವಾಸನೆ, ಕೈಗೆ ಎಣ್ಣೆ ಜಿಡ್ಡು. ಚೌಕಟ್ಟಿನ ಬಗ್ಗೆ ಅನುಮಾನ ಇತ್ತು. ನಮ್ಮ ಬೀದಿಯ ಹಿರಿಯ ಆಚಾರಿಯೊಬ್ಬರು ಒಂದು ಚಕ್ಕೆ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಲ್ಲಿ ಇಡಿ ಅಂದರು. ಸಂಜೆಗೆ ನೀರು ಚಹಾ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಅಂಚಲ್ಲಿ ನೀಲಿ ಹೊಳಪು. ಹೊನ್ನೆ! ಸಕ್ಕರೆ ಕಾಯಿಲೆಗೆ ಅಂತ ಜನ ನೀರಿಟ್ಟು ಕುಡಿಯುವ ಲೋಟ ಮಾಡೋದು ಇದೇ ಮರದಿಂದ. ಹೀಗೆ ಗುರುತು ಸಿಗದ ಮರ ಇದ್ದರೆ ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಜಾತಿ ಗುರುತಿಸಿ ಹೇಳುತ್ತಾರೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು ಅದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಕೊಳೆತದ್ದು ಏಕೆ. ಆರು ರೆಕ್ಕೆಗಳಲ್ಲೂ ಮೇಲ್ಪಟ್ಟಿ ಗಟ್ಟಿ, ನಿಲುಪಟ್ಟಿಗಳು ಗಟ್ಟಿ. ಕೆಟ್ಟಿದ್ದು ಕೆಳಪಟ್ಟಿ ಮತ್ತು ನಿಲುಪಟ್ಟಿಗಳ ಕೆಳತುದಿ. ಮರ ಹಳೆಯದಾಯಿತು ಅಂತ ಕೊಳೆಯೋದಿಲ್ಲ. ಮರದೊಳಗಿನ ತೇವ ಶೇ 20 ದಾಟಿ ಬಹುಕಾಲ ಹಾಗೇ ನಿಂತಾಗ ಶಿಲೀಂಧ್ರ ಹಿಡಿದು ಕೊಳೆಯುತ್ತೆ. ಕೆಳಗಿನ ಗ್ರೂವ್ ಮೂರೂ ಕಡೆ ಮುಚ್ಚಿದ ತೊಟ್ಟಿ. ನೀರು ಹೊರಗೆ ಹೋಗೋಕೆ ದಾರಿಯೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿ ಪಶ್ಚಿಮದಿಂದಲೇ ಬೀಸುತ್ತೆ, ನಮ್ಮ ಸಜ್ಜಾ ಚಾಚಿರೋದು ಒಂದೂವರೆ ಅಡಿ. ಗಾಜಿನ ಮೇಲೆ ಬಿದ್ದ ನೀರೆಲ್ಲ ಇಳಿದು ಗ್ರೂವ್‌ನಲ್ಲಿ ನಿಲ್ಲುತ್ತೆ. ಓಣಿಯ ತುದಿಯಲ್ಲಿ ಹೊಂಗೆ ಮರ ಇದೆ. ಯುಗಾದಿ ಆದಮೇಲೆ ಅದರ ಹೂವು ಉದುರಿ ಗ್ರೂವ್ ತುಂಬುತ್ತೆ, ಧೂಳಿನ ಜೊತೆ ಸೇರಿ ಕೆಸರಾಗುತ್ತೆ, ಮಳೆ ನಿಂತು ವಾರವಾದರೂ ಆ ಕೆಸರು ಒದ್ದೆ. ನಿಲುಪಟ್ಟಿಯ ಕೆಳತುದಿಯಲ್ಲಿ ಮರದ ಕೊಳವೆಗಳೆಲ್ಲ ಬಾಯಿ ತೆರೆದಿರೋದರಿಂದ ಬತ್ತಿ ಎಣ್ಣೆ ಹೀರುವ ಹಾಗೆ ಅದು ನೀರು ಹೀರುತ್ತೆ. ಮೇಲೆ ಬಳಿದ ಬಣ್ಣ ಆ ತುದಿಯನ್ನು ಮುಟ್ಟಿರಲೇ ಇಲ್ಲ, ರೆಕ್ಕೆ ಬಿಚ್ಚದೆ ಅಲ್ಲಿಗೆ ಬ್ರಷ್ ಹೋಗೋದಿಲ್ಲವಲ್ಲ.

ಅಂದರೆ ಹೊಸ ಪಟ್ಟಿ ಕೂರಿಸಿ ಗ್ರೂವ್ ಹಾಗೇ ಬಿಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತೆ. ನೀರಿಗೆ ದಾರಿ ಮಾಡೋದೇ ಮೊದಲ ಕೆಲಸ.

ಏಪ್ರಿಲ್

ಹೊರಮೈಯ ಹಸಿರು ಎನಾಮೆಲ್ ತೆಗೆಯೋದಕ್ಕೆ ಬಹಳ ಎಚ್ಚರ ವಹಿಸಿದೆ. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮೆಲ್ ಇದ್ದರೆ ಸೀಸ ಇದೆ ಅಂತಲೇ ಭಾವಿಸಿ ಕೆಲಸ ಮಾಡಬೇಕು. ಒಣಗಿದ ಬಣ್ಣವನ್ನು ಮೆಷಿನ್ ಹಿಡಿದು ಉಜ್ಜಬಾರದು, ಗ್ಯಾಸ್ ಬರ್ನರ್ ಹಿಡಿದು ಸುಡಬಾರದು. ನೀರು ಚಿಮುಕಿಸುತ್ತಾ ಕೈಯಲ್ಲೇ ಕೆರೆದೆ. ಕೆಳಗೆ ಪ್ಲಾಸ್ಟಿಕ್ ಹಾಳೆ, ಮುಖಕ್ಕೆ ಎನ್-95, ಮಕ್ಕಳು ಟೆರೇಸಿಗೆ ಬರುವಂತಿಲ್ಲ. ಕೆರೆದ ಚೂರುಗಳನ್ನು ಗಿಡದ ಮಣ್ಣಿಗೆ ಸೇರಿಸದೆ ಕಟ್ಟಿಟ್ಟೆ. ಇದು ನಿಧಾನದ ಕೆಲಸ, ಬೇಸರವೂ ಹೌದು, ಆದರೂ ಇಲ್ಲಿ ಅವಸರ ಮಾಡೋದು ಸರಿಯಲ್ಲ.

ಕೆಳಪಟ್ಟಿಗೆ ಹಳೇ ತೇಗವೇ ಬೇಕು ಅಂತ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಸುತ್ತಿದೆ. ಕೆಡವಿದ ಮನೆಯೊಂದರ ತೊಲೆಯ ತುಂಡು ಸಿಕ್ಕಿತು. ಲೆಕ್ಕ ಹೀಗೆ: ಎರಡಡಿ ಉದ್ದ, ನಾಲ್ಕಿಂಚು ಅಗಲ, ಒಂದೂವರೆ ಇಂಚು ದಪ್ಪದ ಪಟ್ಟಿ ಅಂದರೆ 144 ಘನ ಇಂಚು, ಒಂದು ಘನ ಅಡಿಯ ಹನ್ನೆರಡನೇ ಒಂದು ಭಾಗ. ಆರು ಪಟ್ಟಿಗೂ ಸೇರಿ ಅರ್ಧ ಘನ ಅಡಿ ಸಾಕು, ಕೊಯ್ಯುವಾಗ ಹಾಳಾಗೋದಕ್ಕೆ ಇನ್ನೊಂದಿಷ್ಟು. ಮೂರು ಕಿಟಕಿಯನ್ನು ಉಳಿಸೋಕೆ ಬೇಕಾದ ಮರ ಇಷ್ಟೇ ಅನ್ನೋದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ. ತೊಲೆಯಲ್ಲಿ ಮೊಳೆ ಅಡಗಿದೆಯೇ ಅಂತ ಅಯಸ್ಕಾಂತ ಹಿಡಿದು ಪೂರ್ತಿ ಸವರಿ ನೋಡಿದ ಮೇಲೆಯೇ ಕೊಯ್ಯೋಕೆ ಕೊಡಬೇಕು.

ಹಳೇ ಜೋಡಣೆ ಬಿಚ್ಚುವಾಗ ಆ ಕಾಲದ ಕೆಲಸ ಎಂಥದ್ದು ಅಂತ ಕಂಡಿತು. ಒಂದೂ ಕಬ್ಬಿಣದ ಮೊಳೆ ಇಲ್ಲ, ಎಲ್ಲಾ ಮೂಲೆಗೂ ಬಿದಿರಿನ ಗೂಟ. ಒದ್ದೆ ಜಾಗದಲ್ಲಿ ಕಬ್ಬಿಣ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪಾಗಿಸುತ್ತೆ. ಬಿದಿರಿಗೆ ಆ ತೊಂದರೆ ಇಲ್ಲ. ಹಿಂದಿನಿಂದ ಕೊಡತಿಯಲ್ಲಿ ಮೆಲ್ಲಗೆ ತಟ್ಟಿದರೆ ಗೂಟ ಹೊರಗೆ ಬರುತ್ತೆ, ಮೂಲೆ ಬಿಡಿಸಿಕೊಳ್ಳುತ್ತೆ. ಐವತ್ತು ವರ್ಷ ಕಳೆದ ಮೇಲೂ ಇದನ್ನು ಬಿಚ್ಚಿ ರಿಪೇರಿ ಮಾಡಬಹುದು. ಹೊಸ ಪಟ್ಟಿಗೂ ಅದೇ ಕಚ್ಚು ಹಾಕಿ ಬಿದಿರು ಗೂಟವನ್ನೇ ಹೊಡೆದೆ. ಅಂಟು ಹಚ್ಚುವ ಮುಂಚೆ ತೇಗದ ಮುಖಗಳನ್ನು ಅಸಿಟೋನ್ ಬಟ್ಟೆಯಿಂದ ಒರೆಸಬೇಕು, ಮರದ ಎಣ್ಣೆ ಅಂಟನ್ನು ಹಿಡಿಯಗೊಡೋದಿಲ್ಲ. ನೀರು ತಾಳುವ ಫೆವಿಕಾಲ್ ಮರೀನ್ ಬಳಸಿದೆ. ಕೊಳೆತ ತುದಿಗಳನ್ನು ಗಟ್ಟಿ ಮರ ಸಿಗೋವರೆಗೆ ಉಳಿಯಲ್ಲಿ ತೆಗೆದು, ತೇಗದ ತುಂಡು ಕೂರಿಸಿ, ತಳಕ್ಕೆ ಎಪಾಕ್ಸಿ ಹಚ್ಚಿ ಮುಚ್ಚಿದೆ.

ಮೇ

ನೀರಿನ ದಾರಿ. ಕೆಳಗಿನ ಗ್ರೂವ್‌ನಿಂದ ಹೊರಮುಖಕ್ಕೆ ಇಳಿಜಾರಾಗಿ 8 ಮಿ.ಮೀ. ತೂತುಗಳನ್ನು ಕೊರೆದೆ, ಹಾಲ್‌ನ ಪ್ರತಿ ಕಿಟಕಿಯ ಎರಡು ತುದಿಗೂ ನಡುವಿಗೂ. ಬರೀ ತೂತು ಬಿಟ್ಟರೆ ಚೌಕಟ್ಟೇ ಒಳಗಿನಿಂದ ನೆನೆಯುತ್ತೆ, ಅದಕ್ಕೆ ಒಂದೊಂದಕ್ಕೂ ಹಿತ್ತಾಳೆ ಕೊಳವೆ ತೂರಿಸಿ ಎಪಾಕ್ಸಿ ಹಾಕಿದೆ. ಕೊಳವೆಯ ತುದಿ ಗೋಡೆಯಿಂದ ಸ್ವಲ್ಪ ಮುಂದೆ ಚಾಚಿರಬೇಕು, ಇಲ್ಲದಿದ್ದರೆ ನೀರು ಗೋಡೆ ಹಿಡಿದು ಇಳಿಯುತ್ತೆ. ಚೊಂಬಿನಲ್ಲಿ ನೀರು ಸುರಿದು ನೋಡಿದೆ, ಗ್ರೂವ್ ಖಾಲಿಯಾಯಿತು. ಅದನ್ನು ನೋಡೋಕೆ ಮನೆಯವರೆಲ್ಲ ಓಣಿಗೆ ಬಂದು ನಿಂತಿದ್ದರು.

ಗಾಲಿಗಳು ಸವೆದು ಒಂದು ಕಡೆ ಚಪ್ಪಟೆಯಾಗಿದ್ದವು. ಆ ಅಳತೆಯದ್ದು ಅಂಗಡಿಗಳಲ್ಲಿ ಸಿಗಲಿಲ್ಲ. ಕಲಾಸಿಪಾಳ್ಯದ ಲೇತ್ ಅಂಗಡಿಯಲ್ಲಿ ಹಳೆಯದನ್ನು ಮಾದರಿಗೆ ಕೊಟ್ಟು ಹಿತ್ತಾಳೆಯಲ್ಲಿ ಕಡೆಸಿದೆ. ಈ ಊರಲ್ಲಿ ಇಂಥ ಪುಟ್ಟ ಲೇತ್ ಅಂಗಡಿಗಳು ಇನ್ನೂ ಇರೋದು ನಮ್ಮಂಥವರಿಗೆ ದೊಡ್ಡ ಆಸರೆ. ಹಳಿಗೆ ಎಣ್ಣೆ ಹಾಕಬಾರದು, ಧೂಳು ಅಂಟಿ ಸಾಣೆಕಲ್ಲಿನ ಹಾಗೆ ತೇಯುತ್ತೆ. ಮೇಲಿನ ಗ್ರೂವ್‌ನಲ್ಲಿ ಮರ ಮರಕ್ಕೆ ಉಜ್ಜುವ ಕಡೆ ಮೇಣದ ಬತ್ತಿ ತಿಕ್ಕಿದರೆ ಸಾಕು.

ಗಾಜಿನ ಸುತ್ತ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆಯ ಲಪ್ಪ (ಪುಟ್ಟಿ). ಉತ್ತರ ಕರ್ನಾಟಕದ ಚಟ್ನಿಪುಡಿಯ ಅದೇ ಅಗಸೆ. ಕೈಯಲ್ಲಿ ಚೆನ್ನಾಗಿ ನಾದಬೇಕು, ಕೈಗೆ ಅಂಟೋದು ನಿಂತಾಗ ಹದ. ಮೇಲ್ಪದರ ಗಟ್ಟಿಯಾಗೋವರೆಗೆ ಕಾದು ಬಣ್ಣ ಹಚ್ಚಬೇಕು, ಮತ್ತು ಬಣ್ಣ ಗಾಜಿನ ಮೇಲೂ ಕೂದಲೆಳೆಯಷ್ಟು ಹತ್ತಿರಬೇಕು, ಆಗಲೇ ಸಂದಿಗೆ ನೀರು ಇಳಿಯೋದಿಲ್ಲ. ಒಳಮೈಗೆ ಅರಗಿನ ಪಾಲಿಶ್. ಅದು ಹೊರಗೆ ನಿಲ್ಲೋದಿಲ್ಲ, ನೀರು ಬಿದ್ದರೆ ಬಿಳುಪೇರುತ್ತೆ, ಹೊರಗೆ ಎನಾಮೆಲ್ಲೇ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನಾಗೇ ಹೊತ್ತಿಕೊಳ್ಳಬಲ್ಲದು. ತಂತಿಯ ಮೇಲೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಜೂನ್‌ನಿಂದ ಸೆಪ್ಟೆಂಬರ್

ಕೆಲಸ ಏನೂ ಇಲ್ಲ, ಬರೀ ನೋಡೋದು. ಜೋರು ಮಳೆ ಬಂದಾಗಲೆಲ್ಲ ಕೊಳವೆಗಳಿಂದ ನೀರು ಹೊರಗೆ ಬರುತ್ತಿತ್ತು. ಹೊಂಗೆ ಎಲೆ ಒಂದು ಕೊಳವೆಗೆ ಸಿಕ್ಕಿಕೊಂಡಿದ್ದನ್ನು ಊದುಬತ್ತಿ ಕಡ್ಡಿಯಲ್ಲಿ ತೆಗೆದೆ. ವಾರಕ್ಕೊಮ್ಮೆ ಗ್ರೂವ್ ಗುಡಿಸೋದು ಈಗ ಭಾನುವಾರದ ಕೆಲಸಗಳ ಪಟ್ಟಿಗೆ ಸೇರಿದೆ. ಸೆಪ್ಟೆಂಬರ್ ಕೊನೆಯಲ್ಲಿ ಸಂದು ಅಳೆದಾಗ ಹೊಸ ಕೆಳಪಟ್ಟಿ ಹಿಗ್ಗಿದ್ದು ಕಾಣುತ್ತಿತ್ತು, ಆದರೂ ಹಳಿಗೂ ಪಟ್ಟಿಗೂ ನಡುವೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ಸರಿಯಿತು. ಹಾಲ್‌ನ ನಾಲ್ಕೂ ರೆಕ್ಕೆ ಒಂದೇ ಕೈಯಲ್ಲಿ ಸರಿಯುತ್ತಿವೆ. ಎಂಬತ್ತು ದಾಟಿದ ಅಮ್ಮ ಬೆಳಿಗ್ಗೆ ತಾವೇ ಕಿಟಕಿ ತೆಗೆಯುತ್ತಾರೆ. ಅವರಿಗೆ ಯಾರನ್ನೂ ಕರೆಯದೆ ಗಾಳಿ ಬೆಳಕು ಸಿಗಬೇಕು ಅನ್ನೋದು ಈ ಕೆಲಸ ಕೈಗೆತ್ತಿಕೊಂಡಾಗಿನಿಂದ ನನ್ನ ಮನಸ್ಸಿನಲ್ಲಿತ್ತು.

ಅಕ್ಟೋಬರ್

ಮಹಡಿಯ ಕಿಟಕಿ ಉಳಿದಿದೆ. ಅದರದ್ದು ಬೇರೆ ಸಮಸ್ಯೆ: ಚೌಕಟ್ಟು ಗೋಡೆಗೆ ತಾಗುವ ಕಡೆ ಗೆದ್ದಲಿನ ಮಣ್ಣಿನ ದಾರಿ ಕಂಡಿತು. ಹೊನ್ನೆಯ ಚೇಗು ಗಟ್ಟಿಯಾಗೇ ಇದೆ, ಒಂದು ಅಂಚಿನಲ್ಲಿದ್ದ ಬಿಳಿ ಭಾಗವನ್ನು ಮಾತ್ರ ತಿಂದಿವೆ. ಮಣ್ಣು ಕೆರೆದು, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಮರಕ್ಕೆ ಕುಡಿಸಿದ್ದೇನೆ. ಮಳೆ ನೀರಿಗೆ ಅದು ತೊಳೆದುಹೋಗುತ್ತೆ, ಹಾಗಾಗಿ ಮೇಲೆ ಬಣ್ಣ ಬೇಕೇ ಬೇಕು. ತಿಂದ ಅಂಚನ್ನು ಕತ್ತರಿಸಿ ಹೊಸ ತುಂಡು ಜೋಡಿಸೋದು ಚಳಿ ಕಳೆದು ಗಾಳಿ ಒಣಗಿದ ಮೇಲೆ. ಉಳಿದ ತೇಗದ ಪಟ್ಟಿಗಳನ್ನು ಈಗಲೇ ಆ ಕೋಣೆಯಲ್ಲಿ, ಕೆಳಗೆ ರೀಪು ಕೊಟ್ಟು, ಗಾಳಿಯಾಡುವ ಹಾಗೆ ಜೋಡಿಸಿದ್ದೇನೆ. ಅಲ್ಲಿನ ಹವೆಗೆ ಅವು ಹೊಂದಿಕೊಳ್ಳಲಿ. ಮಹಡಿಯ ಗಾಲಿಗಳು ಹಾಲ್‌ನವಕ್ಕಿಂತ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಚಿಕ್ಕವು. ಬೇರೆ ಅಳತೆ ಬರೆದು ಲೇತ್ ಅಂಗಡಿಗೆ ಕೊಟ್ಟಾಗಿದೆ, ದೀಪಾವಳಿ ಮುಗಿದ ಮೇಲೆ ತರಬೇಕು.