ಹರಿದ ಮೂಲೆಯ ಫೋಟೋ

2011ರಲ್ಲಿ ನಾನು ಒಂಬತ್ತನೇ ಕ್ಲಾಸು. ನಮ್ಮ ಕಂಪ್ಯೂಟರ್ ಲ್ಯಾಬ್ ಅಂದರೆ ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು ಕಣ್ಣ ಮುಂದೆ ಬರುತ್ತವೆ. ಆಮೇಲೆ ಡ್ರಾಯಿಂಗ್ ಮೇಷ್ಟ್ರು. ಲೋಯರ್ ಗ್ರೇಡ್ ಪರೀಕ್ಷೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಅವರೇ ಶನಿವಾರ ಶಾಲೆ ಬಿಟ್ಟ ಮೇಲೆ ಜಿಂಪ್ ಅನ್ನೋ ಚಿತ್ರ ತಿದ್ದುವ ಸಾಫ್ಟ್‌ವೇರ್ ಕಲಿಸುತ್ತಿದ್ದರು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಹಳೇ ಕಂಪ್ಯೂಟರಿನಲ್ಲೂ ಓಡುತ್ತೆ. ಆಗ ಟೂಲ್‌ಗಳದ್ದೊಂದು ಕಿಟಕಿ, ಲೇಯರ್‌ಗಳದ್ದೊಂದು, ಚಿತ್ರದ್ದೊಂದು. ಒಂದನ್ನು ಮುಟ್ಟಿದರೆ ಇನ್ನೊಂದು ಹಿಂದೆ ಅಡಗುತ್ತಿತ್ತು. ಎಲ್ಲ ಒಂದೇ ಕಿಟಕಿಯಲ್ಲಿ ಸಿಗುವಂತಾಗಿದ್ದು 2012ರ 2.8 ಆವೃತ್ತಿಯಲ್ಲಿ.

ಲೇಯರ್ ಅಂದರೇನು ಅಂತ ತೋರಿಸಲು ಮೇಷ್ಟ್ರು ಮೂರು ಬಟರ್ ಪೇಪರ್ ತಂದಿದ್ದರು. ಒಂದರಲ್ಲಿ ಗುಡ್ಡ, ಒಂದರಲ್ಲಿ ಮನೆ, ಒಂದರಲ್ಲಿ ಹಸು. ಮೂರನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. ಆಮೇಲೆ ಹಸುವಿನ ಹಾಳೆಯನ್ನು ಮೆಲ್ಲಗೆ ಎಳೆದರು. ಗುಡ್ಡ, ಮನೆ ಹಾಗೇ ಇದ್ದವು. ಅಷ್ಟೇ ಪಾಠ. ನನಗೆ ಇವತ್ತಿಗೂ ಮರೆತಿಲ್ಲ.

ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಹಸೆ ಚಿತ್ತಾರ ಆರಿಸಿಕೊಂಡಳು. ಅವರ ಮನೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಲ್ಲಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಅದನ್ನು ಬರೆಯುತ್ತಾರೆ. ಶಿಫ್ಟ್ ಒತ್ತಿಕೊಂಡರೆ ಗೆರೆ ನೇರ ಬರುತ್ತೆ ಅಂತ ಮೇಷ್ಟ್ರು ಹೇಳಿಕೊಟ್ಟರು. ಎರಡು ದಿನ ಹಾಗೇ ಎಳೆದಳು. ಅಮ್ಮನ ಗೆರೆ ಹೀಗಿರಲ್ಲ ಅಂತ ಅವಳಿಗೆ ಸಮಾಧಾನವಿಲ್ಲ. ಕೊನೆಗೆ ಶಿಫ್ಟ್ ಬಿಟ್ಟು ಮೌಸ್ ಹಿಡಿದು ಕೈಯಾರೆ ಎಳೆದಳು. ನಮ್ಮ ಬ್ಯಾಚಿನಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರ ಇರಲಿಲ್ಲ.

ನಾನು ಅಜ್ಜಿಯ ಟ್ರಂಕಿನಲ್ಲಿದ್ದ ಫೋಟೋ ತಂದೆ. ಅಜ್ಜಿಯ ತವರುಮನೆ ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರು ಹಿನ್ನೀರಿನೊಳಗೆ ಹೋಯಿತು. ಆ ಮನೆಯದ್ದು ಅಂತ ಉಳಿದಿದ್ದು ಇದೊಂದೇ ಫೋಟೋ. ಅಂಗಳದಲ್ಲಿ ಹನ್ನೊಂದು ಜನ ನಿಂತಿದ್ದಾರೆ. ಬಲಗಡೆಯ ಕೆಳಮೂಲೆ ಹರಿದು ಹೋಗಿತ್ತು.

ಸಾಗರದ ಸ್ಟುಡಿಯೋ ಒಂದರಲ್ಲಿ 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವಿನಲ್ಲಿ ತಂದೆ. ಚಿತ್ರದ ಕಪ್ಪು-ಬಿಳುಪು ಹೊಂದಿಸುವ ಲೆವೆಲ್ಸ್ ತೆರೆದರೆ ಗ್ರಾಫು ಪೂರ್ತಿ ನಡುವಿನಲ್ಲೇ ಗುಡ್ಡೆಯಾಗಿತ್ತು. ಮಾಸಿದ ಫೋಟೋದಲ್ಲಿ ಕಪ್ಪೂ ಇರಲ್ಲ, ಬಿಳಿಯೂ ಇರಲ್ಲ, ಎಲ್ಲ ಬೂದು. ಎರಡೂ ತುದಿಯ ತ್ರಿಕೋನಗಳನ್ನು ಗುಡ್ಡೆಯ ಅಂಚಿಗೆ ತಂದೆ. ಅಜ್ಜಿಯ ಅಣ್ಣನ ಅಂಗಿಯ ಗುಂಡಿಗಳು ಕಂಡವು! ಆ ಕ್ಷಣದ ಖುಷಿ ಹೇಗೆ ಹೇಳಲಿ. ಬಿರುಕು, ಕಲೆಗಳನ್ನು ಹೀಲ್ ಟೂಲಿನಿಂದ ತೆಗೆಯಲು ಮೂರು ಶನಿವಾರ ಹಿಡಿಯಿತು. ಒಮ್ಮೆ ಕರೆಂಟ್ ಹೋಗಿ ಒಂದು ಗಂಟೆಯ ಕೆಲಸ ಕಳೆದುಕೊಂಡೆ. ಆಮೇಲೆ ಐದು ನಿಮಿಷಕ್ಕೊಮ್ಮೆ ಸೇವ್.

ಹರಿದ ಮೂಲೆಯನ್ನು ಕ್ಲೋನ್ ಟೂಲಿನಿಂದ ತುಂಬಿದೆ. ಪಕ್ಕದ ಗೋಡೆಯನ್ನೇ ಎತ್ತಿ ಎತ್ತಿ ಇಟ್ಟೆ. ಜೋಡಿಸಿದ್ದು ಗೊತ್ತೇ ಆಗುತ್ತಿರಲಿಲ್ಲ. ಪ್ರಿಂಟ್ ಹಾಕಿಸಿ ಹೆಮ್ಮೆಯಿಂದ ಮನೆಗೆ ಒಯ್ದೆ. ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಮೂಲೆಗೆ ಬಂದಾಗ ನಿಂತರು. "ಇದು ಯಾರ ಮನೆ ಮಗಾ? ಇಲ್ಲಿ ಗೋಡೆ ಎಲ್ಲಿತ್ತು?"

ಸೋಮವಾರ ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಕಲೆ ತೆಗೆದರೆ ಕೆಳಗಿದ್ದದ್ದು ಕಾಣುತ್ತೆ. ಇಲ್ಲಿ ಕೆಳಗೆ ಏನೂ ಇರಲಿಲ್ಲ, ನೀನು ಇಟ್ಟಿದ್ದು ಅಲ್ವಾ?" ಅಂದರು. ಗೋಡೆಯನ್ನು ಬೇರೆ ಲೇಯರಿನಲ್ಲಿ ಮಾಡಿದ್ದೆ. ಪಕ್ಕದ ಕಣ್ಣಿನ ಗುರುತು ಒತ್ತಿದೆ. ಗೋಡೆ ಹೋಯಿತು. ಆ ಜಾಗಕ್ಕೆ ಸುಮ್ನೆ ತಿಳಿ ಬೂದು ಬಣ್ಣ ಹಾಕಿ ಬಿಟ್ಟೆವು.

ಹಾಗೆ ಮತ್ತೆ ಹಾಕಿಸಿದ ಪ್ರಿಂಟನ್ನು ಶಾಲಾ ವಾರ್ಷಿಕೋತ್ಸವದ ದಿನ ಲ್ಯಾಬಿನ ಗೋಡೆಗೆ ಹಾಕಿದ್ದರು. ಅಜ್ಜಿ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಬೂದು ಮೂಲೆಯ ಮೇಲೆ ಬೆರಳಿಟ್ಟು ಮೇಷ್ಟ್ರಿಗೆ ಹೇಳಿದರು: "ಇಲ್ಲಿ ನಮ್ಮ ತುಳಸಿಕಟ್ಟೆ ಇತ್ತು."