ಎಂಟು ಎಲೆ ಗೂಡು: ಜನವರಿಯಿಂದ ಜುಲೈವರೆಗಿನ ಟಿಪ್ಪಣಿ

ಕೆಲಸ: ಉದುರಿದ ಎಲೆಯನ್ನು ಜಾಲರಿ ಗೂಡಿಗೆ ತುಂಬಿ ಗೊಬ್ಬರ ಮಾಡುವುದು. ಜಾಗ: ಬೆಂಗಳೂರಿನ ದಕ್ಷಿಣ ಭಾಗದ ಹಳೇ ಬಡಾವಣೆ, ಪಾರ್ಕಿನ ಹಿಂಬದಿ ಮೂಲೆ, 30 ಅಡಿಗೆ 15 ಅಡಿ. ಮರಗಳು: ಹೊಂಗೆ, ಮಳೆಮರ, ಮಹಾಗನಿ, ಕಾಡುಬಾದಾಮಿ, ಎರಡು ಗುಲ್‌ಮೊಹರ್. ಮನೆಗಳು: 60. ಕೆಲಸಕ್ಕೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಮೊದಲು ಚಿಂದಿ ಆಯುತ್ತಿದ್ದವರು. ದಿನಕ್ಕೆ 8 ಗಂಟೆ ಲೆಕ್ಕದಲ್ಲಿ ತಲಾ ₹700 ಕೂಲಿ.

ಉದ್ದೇಶ ಎರಡು. ಎಲೆ ಉದುರುವ ಕಾಲದಲ್ಲಿ ಬೀದಿ ಬದಿ ಎಲೆ ಸುಡುವುದು ನಿಲ್ಲಬೇಕು. ಈ ಕೆಲಸದಿಂದ ಇಬ್ಬರ ಕೂಲಿ ಹುಟ್ಟುತ್ತದೋ ಇಲ್ಲವೋ ಎಂಬುದು ಅಂದಾಜಿನಲ್ಲಲ್ಲ, ಪುಸ್ತಕದಲ್ಲಿ ಗೊತ್ತಾಗಬೇಕು.

ಸುಡುವವರನ್ನು ಬೈಯುವ ಮುಂಚೆ ಒಂದು ಮಾತು. 2016ರ ಘನತ್ಯಾಜ್ಯ ನಿಯಮಗಳು ರಸ್ತೆಯಲ್ಲಿ ಕಸ ಸುಡುವುದನ್ನು ನಿಷೇಧಿಸಿದವು, ಸರಿ. ಆದರೆ ಗುಡಿಸಿ ಗುಡ್ಡೆ ಹಾಕಿದ ಎಲೆಯನ್ನು ಕಸದ ಆಟೋದವನು ಹತ್ತಿಸಿಕೊಳ್ಳುವುದಿಲ್ಲ, ಹಸಿ ಕಸದ ಲೆಕ್ಕಕ್ಕೂ ಅದು ಬರುವುದಿಲ್ಲ. ಗುಡ್ಡೆ ಅಲ್ಲೇ ಉಳಿದರೆ ಮೇಸ್ತ್ರಿ ಬೈಯುವುದು ಪೌರಕಾರ್ಮಿಕರನ್ನು. ಬೆಂಕಿಕಡ್ಡಿಗೆ ಮೊದಲು ಎಲೆಗೊಂದು ಜಾಗ ಬೇಕು, ಅಷ್ಟೆ.

ಜನವರಿ, ಎರಡನೇ ವಾರ

ಗೂಡು ಕಟ್ಟಿದ್ದು ಬೆಸುಗೆ ಹಾಕಿದ ತಂತಿ ಜಾಲರಿಯಲ್ಲಿ, ಅಂದರೆ ವೆಲ್ಡ್ ಮೆಶ್‌ನಲ್ಲಿ. 4 ಅಡಿ ಅಗಲ, 50 ಅಡಿ ಉದ್ದದ ಎರಡು ರೋಲ್, 1 ಇಂಚಿನ ಕಣ್ಣು, 14 ಗೇಜ್ ದಪ್ಪದ ತಂತಿ. 12.5 ಅಡಿಗೊಂದು ತುಂಡು ಕತ್ತರಿಸಿ ಅಂಚಿಗೆ ಅಂಚು ಕೂಡಿಸಿ ಬೈಂಡಿಂಗ್ ವೈರ್ ಸುತ್ತಿದರೆ 4 ಅಡಿ ವ್ಯಾಸದ ಗೂಡು. ರೋಲ್‌ಗೆ ನಾಲ್ಕು, ಒಂದಿಂಚೂ ಪೋಲಿಲ್ಲ. ಅಂಚಿನ ಮೇಲೆ ಅಂಚು ಹೊದಿಸಿದರೆ ಮೂರೇ ಆಗುತ್ತವೆ, ತುಂಡು ಉಳಿಯುತ್ತದೆ. ವೈರನ್ನು ಬಿಚ್ಚುವ ಹಾಗೆ ಕೊಕ್ಕೆ ಮಾಡಿ ಸಿಕ್ಕಿಸಿ. ಮಗುಚುವಾಗ ಗೂಡನ್ನು ಪೂರ್ತಿ ಬಿಚ್ಚಿ, ಪಕ್ಕಕ್ಕೆ ನಿಲ್ಲಿಸಿ, ರಾಶಿಯನ್ನು ಅದರೊಳಕ್ಕೆ ತುಂಬುವುದು. ಇಟ್ಟಿಗೆ ತೊಟ್ಟಿಗಿಂತ ಜಾಲರಿ ವಾಸಿ ಎನ್ನಲು ಇದೊಂದೇ ಕಾರಣ ಸಾಕು.

ಒಂದು ಗೂಡಿನ ಅಳತೆ ಸುಮಾರು 50 ಘನ ಅಡಿ, ಅಂದರೆ 1.4 ಘನ ಮೀಟರ್. ಇದಕ್ಕಿಂತ ಚಿಕ್ಕದು ಬೇಡ. ಒಂದು ಘನ ಮೀಟರಿಗಿಂತ ಕಡಿಮೆಯಾದರೆ ಒಳಗೆ ಹುಟ್ಟಿದ ಶಾಖವೆಲ್ಲ ಮೈಯಿಂದಲೇ ಹೊರಟುಹೋಗುತ್ತದೆ.

ಬುಡಕ್ಕೆ ಇಟ್ಟಿಗೆ ಸಾಲು, ಅದರ ಮೇಲೆ ಬೆರಳು ದಪ್ಪದ ಒಣ ಕಡ್ಡಿ, ಎರಡೂ ಸೇರಿ 6 ಇಂಚು. ಎರಡು ಗೂಡಿಗೆ ಮಾತ್ರ ನಡುವೆ ತೂತು ಕೊರೆದ 4 ಇಂಚಿನ ಪಿವಿಸಿ ಪೈಪ್ ನಿಲ್ಲಿಸಿದೆವು, ಗಾಳಿಯಾಡಲಿ ಅಂತ. ಅದರ ಕಥೆ ಮುಂದಿದೆ.

ಜನವರಿ ಕೊನೆ, ಗೂಡು 1 ಮತ್ತು 2 ತುಂಬಿದ್ದು

ಎಲೆಯನ್ನು ಹಾಗೇ ಸುರಿದರೆ ಗೂಡಿಗೆ 50 ಕೆಜಿ ಹಿಡಿಯುವುದೂ ಕಷ್ಟ. ಗರಿಗರಿ ಒಣಗಿದ ಎಲೆಯನ್ನು ಗೋಣಿಚೀಲಕ್ಕೆ ಅರ್ಧ ತುಂಬಿ, ಬಾಯಿ ಕಟ್ಟಿ, ದೊಣ್ಣೆಯಲ್ಲಿ ಹತ್ತಿಪ್ಪತ್ತು ಏಟು ಬಾರಿಸಬೇಕು. ಆಮೇಲೆ ಗೂಡಿನೊಳಗೆ ತುಳಿದು ತುಂಬಿದರೆ 100 ಕೆಜಿ ಕೂರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಎಲೆ ಮೆತ್ತಗಿರುತ್ತದೆ, ಪುಡಿಯಾಗುವುದಿಲ್ಲ. ಈ ಕೆಲಸ ಹನ್ನೊಂದು ಗಂಟೆಯ ಮೇಲೆ. ಎಲೆ ಕತ್ತರಿಸುವ ಪೆಟ್ರೋಲ್ ಯಂತ್ರ, ಶ್ರೆಡ್ಡರ್, ಒಂದು ದಿನ ಬಾಡಿಗೆಗೆ ತಂದು ನೋಡಿದ್ದಾಯಿತು. ಬೀದಿ ಗುಡಿಸಿದ ಎಲೆಯಲ್ಲಿ ಜಲ್ಲಿಕಲ್ಲು ಇದ್ದೇ ಇರುತ್ತದೆ, ಮಧ್ಯಾಹ್ನದೊಳಗೆ ಬ್ಲೇಡ್ ಹಲ್ಲು ಬಿಟ್ಟಿತು.

ಪದರ ಹೀಗೆ: ಒಂದಡಿ ಎಲೆ, ಅದರ ಮೇಲೆ 10 ಕೆಜಿ ಹಸಿ ಕಸ, ಸಗಣಿ ನೀರು, ಮತ್ತೆ ಎಲೆ. ನಾಲ್ಕು ಸುತ್ತು. ಗೂಡಿಗೆ ಒಟ್ಟು 100 ಕೆಜಿ ಎಲೆ, 40 ಕೆಜಿ ಹಸಿ ಕಸ, 10 ಕೆಜಿ ಸಗಣಿ. ಹಸಿ ಕಸವೆಂದರೆ ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಕಾಫಿ ಚರಟ. ಬೇಯಿಸಿದ್ದು, ಎಣ್ಣೆ ಸೋಕಿದ್ದು ಹಾಕಿದರೆ ಇಲಿ ಬಂತೆಂದೇ ಲೆಕ್ಕ. ಕಸವನ್ನು ಜಾಲರಿಯಿಂದ ಒಂದಡಿ ಒಳಕ್ಕೆ ಹಾಕಬೇಕು, ಅಂಚಿಗೆ ಹಾಕಿದರೆ ನೊಣ. ಅಂಗಡಿಯ ಕಲ್ಚರ್ ಪುಡಿ (ಎಲೆ ಕೊಳೆಸುವ ಸೂಕ್ಷ್ಮಾಣುಗಳ ಪುಡಿ) ತರಲಿಲ್ಲ, ಸಗಣಿಗಿಂತ ಅದು ಹೆಚ್ಚೇನೂ ಮಾಡುವುದಿಲ್ಲ. ಸಗಣಿ ಸಿಗದ ಕಡೆ ಹಳೇ ಗೊಬ್ಬರ ನಾಲ್ಕು ಬಾಂಡಲಿ ಹಾಕಿದರೂ ನಡೆಯುತ್ತದೆ.

ನೀರಿನ ಲೆಕ್ಕವನ್ನು ಬಿಡಿಸಿ ಬರೆಯುತ್ತೇವೆ, ಎಲ್ಲರೂ ಎಡವುವುದು ಇಲ್ಲೇ. ಒಣ ಎಲೆಯಲ್ಲಿ ಇರುವ ತೇವ ಸುಮಾರು 10%. 100 ಕೆಜಿಯಲ್ಲಿ ಒಣ ಪದಾರ್ಥ 90. ಹಸಿ ಕಸದ 40 ಕೆಜಿಯಲ್ಲಿ 8, ಸಗಣಿಯಲ್ಲಿ 2. ಒಟ್ಟು 100. ರಾಶಿಯ ತೇವ 55% ಆಗಬೇಕಾದರೆ 122 ಲೀಟರ್ ನೀರಿರಬೇಕು. ಪದಾರ್ಥಗಳಲ್ಲೇ ಇರುವುದು 10+32+8, ಅಂದರೆ 50. ಉಳಿದ 72 ಲೀಟರ್ ಹೊರಗಿನಿಂದ ಕೊಡಬೇಕು. ಕಾಗದದ ಮೇಲೆ ಇಷ್ಟು. ಎಲೆಗೆ ಮೇಣದ ಮೈ, ಒಂದಷ್ಟು ನೀರು ಜಾರಿ ಬುಡ ಸೇರುತ್ತದೆ. ನಿಜಕ್ಕೂ ಬೇಕಾದದ್ದು 120 ಲೀಟರ್. ಅದನ್ನೂ ಒಂದೇ ಸಲ ಸುರಿಯದೆ ಪ್ರತಿ ಪದರಕ್ಕೆ 25ರಿಂದ 30 ಲೀಟರ್, ಜರಡಿ ಬಾಯಿಯ ಕ್ಯಾನಿನಲ್ಲಿ.

ನೀರು ಎಲ್ಲಿಂದ? 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ ₹5,000 ದಂಡ ಎಂದಿತ್ತು. ಆ ಬೇಸಿಗೆಯನ್ನು ಕಂಡ ಮೇಲೆ ಕಾವೇರಿ ನೀರನ್ನು ಒಣ ಎಲೆಗೆ ಸುರಿಯಲು ಯಾರಿಗೂ ಮನಸ್ಸಾಗದು. ಪಕ್ಕದ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕದ) ನೀರು ಡ್ರಮ್ಮಿನಲ್ಲಿ ಬರುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಕೊಡಲು ಹಲವರು ಮುಂದೆ ಬಂದರು, ತೆಗೆದುಕೊಳ್ಳಲಿಲ್ಲ. ಅದರಲ್ಲಿ ಲವಣ ಹೆಚ್ಚು. ನೀರು ಆವಿಯಾಗುತ್ತದೆ, ಉಪ್ಪು ಗೂಡಿನಲ್ಲೇ ಉಳಿಯುತ್ತದೆ, ಕೊನೆಗೆ ಸಸಿಯ ಎಲೆ ತುದಿ ಸುಡುತ್ತದೆ.

ಫೆಬ್ರವರಿ, ಎರಡನೇ ವಾರ

ಗೂಡು 1, ನಡುವಿನ ಉಷ್ಣಾಂಶ: 3ನೇ ದಿನ 46 ಡಿಗ್ರಿ, 5ನೇ ದಿನ 58, 9ನೇ ದಿನ 51, 14ನೇ ದಿನ 40. ಮಗುಚಿದ ಮೂರನೇ ದಿನ ಮತ್ತೆ 54. ಹೀಗೇ ಆಗಬೇಕು.

ಗೂಡು 2, ಪೈಪ್ ಇರುವುದು: 5ನೇ ದಿನ 38, 9ನೇ ದಿನ 33. ಬಿಚ್ಚುವ ಮುಂಚೆಯೇ ಫೋರ್ಕ್ ಚುಚ್ಚಿದಾಕೆ ಹೇಳಿದ್ದು: “ಒಳಗಿನ್ನೂ ಚರ್ ಚರ್ ಅಂತೈತೆ ಅಕ್ಕ, ನೀರು ಕುಡ್ದಿಲ್ಲ.” ಬಿಚ್ಚಿ ನೋಡಿದರೆ ಹೊರಗಿನ ಎಂಟು ಇಂಚು ಒದ್ದೆ, ಪೈಪಿನ ಸುತ್ತ ಒಂದಡಿ ಹಪ್ಪಳದಂತೆ ಒಣಗಿದೆ, ಅದರಲ್ಲಿ ಕೆಂಪಿರುವೆಯ ಗೂಡು. ಇರುವೆ ಮನೆ ಮಾಡಿದೆಯೆಂದರೆ ರಾಶಿ ಒಣಗಿದೆ ಎಂದೇ ಅರ್ಥ. ಬುಡದ ಇಟ್ಟಿಗೆ ಸಂದಿಯಿಂದ ಗಾಳಿ ಒಳಹೊಕ್ಕು ಪೈಪಿನಲ್ಲಿ ಮೇಲೇರಿ ಹೋಗುತ್ತಿತ್ತು, ಒಲೆಯ ಚಿಮಣಿಯಂತೆ. ಹಸಿ ಕಸವೇ ತುಂಬಿದ ತೊಟ್ಟಿಗೆ ಪೈಪ್ ಬೇಕಾಗಬಹುದು. ಫೆಬ್ರವರಿಯ ಒಣಗಾಳಿಯಲ್ಲಿ, ನಾಲ್ಕೂ ಕಡೆ ಕಣ್ಣಿರುವ ಜಾಲರಿಗೆ ಅದು ಶತ್ರು. ಎರಡೂ ಪೈಪ್ ಕಿತ್ತು, ಗೂಡಿನ ಒಳಮೈಗೆ ಹಳೇ ಗೋಣಿ ಸುತ್ತಿ, 40 ಲೀಟರ್ ನೀರು ಕೊಟ್ಟು ಮತ್ತೆ ತುಂಬಿದ್ದಾಯಿತು. ನಾಲ್ಕನೇ ದಿನ 55.

ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಕಬ್ಬಿಣದ ಸರಳನ್ನು ನಡುವಿನವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆದು ಹಿಡಿಯಿರಿ. ಕೈಯಲ್ಲಿ ಹಿಡಿದಿರಲು ಆಗದಿದ್ದರೆ ಗೂಡು ಚೆನ್ನಾಗಿದೆ. ತೇವಕ್ಕೆ ಮುಷ್ಟಿಯೇ ಮೀಟರ್: ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆಯಾಗಿ ಸುರಿಯಬಾರದು.

ಮಾರ್ಚ್

ಗೂಡು 3ರಿಂದ 8 ತುಂಬಿದವು. ಹೊಂಗೆ ಎಲೆ ಬೇಗ ಕರಗುತ್ತದೆ. ಮಹಾಗನಿ ಪರವಾಗಿಲ್ಲ. ಮಳೆಮರ, ಗುಲ್‌ಮೊಹರ್‌ನ ಪುಟ್ಟ ಎಲೆ ಒಂದಿಂಚಿನ ಕಣ್ಣಿನಲ್ಲಿ ಸೋರಿಹೋಗುತ್ತದೆ, ಒಳಗೆ ಶೇಡ್ ನೆಟ್ ಸುತ್ತಲೇಬೇಕು. ಕಷ್ಟ ಕೊಟ್ಟಿದ್ದು ಕಾಡುಬಾದಾಮಿ. ಅಂಗೈಗಿಂತ ದೊಡ್ಡ, ಚರ್ಮದಂಥ ಎಲೆ. ಒದ್ದೆಯಾದ ಮೇಲೆ ಒಂದಕ್ಕೊಂದು ಅಂಟಿ, ನೆನೆದ ಪುಸ್ತಕದ ಹಾಳೆಗಳಂತಾಗುತ್ತದೆ. ಹಾಳೆಯ ನಡುವೆ ಗಾಳಿಯಿಲ್ಲ, ಬಿಡಿಸಿದರೆ ಹುಳಿ ವಾಸನೆ. ಗೂಡು 5 ಪೂರ್ತಿ ಹೀಗೇ ಆಯಿತು. ದೊಣ್ಣೆಗೂ ಅದು ಬಗ್ಗುವುದಿಲ್ಲ. ಕತ್ತಿಯಲ್ಲಿ ಕೊಚ್ಚಿ, ಒಟ್ಟು ಎಲೆಯ ಕಾಲು ಭಾಗ ಮೀರದಂತೆ ಬೆರೆಸಿ. ನೀಲಗಿರಿ, ಸಿಲ್ವರ್ ಓಕ್ ಬೇರೆ ಕಡೆ ಇಡಿ, ಗಿಡದ ಬುಡಕ್ಕೆ ಹೊದಿಕೆಯಾಗಿ ಹಾಕಿದರಾಯಿತು.

ಮೊದಲ ಮಗುಚಿನಲ್ಲಿ ಒಳಗೆ ಬೂದಿ ಬಣ್ಣದ ಪದರ ಕಾಣುತ್ತದೆ, ಎಲೆಯ ಮೇಲೆ ಯಾರೋ ವಿಭೂತಿ ಎರಚಿದ ಹಾಗೆ. ಬೂಷ್ಟು ಬಂತೆಂದು ಎಸೆಯಬೇಡಿ. ಅದು ಆಕ್ಟಿನೋಮೈಸೀಟ್ಸ್, ಬಿಸಿ ರಾಶಿಯಲ್ಲಿ ಎಲೆಯ ನಾರು ಮುರಿಯುವ ಜೀವಿ. ತುಂಬಾ ದಪ್ಪಗಿದ್ದರೆ ಮಾತ್ರ ನೀರು ಸಾಲದು ಎಂದು ತಿಳಿಯಿರಿ.

ಏಪ್ರಿಲ್, ಮೇ

ಮಾವಿನ ಮಳೆ ಒಳ್ಳೆಯದೇ ಮಾಡಿತು, ಎರಡು ವಾರ ನೀರು ಹೊರುವ ಕೆಲಸ ತಪ್ಪಿತು. ಮೇ ತಿಂಗಳ ಗುಡುಗು ಮಳೆ ಬೇರೆ. ಗೂಡು 7ರ ಬುಡದಿಂದ ಕಪ್ಪು ನೀರು ಹರಿದು ಚರಂಡಿ ಸೇರಿತು, ಉಷ್ಣಾಂಶ ಒಂದೇ ರಾತ್ರಿಯಲ್ಲಿ 49ರಿಂದ 31ಕ್ಕೆ ಇಳಿಯಿತು. ಟಾರ್ಪಾಲನ್ನು ನೇರ ರಾಶಿಯ ಮೇಲೆ ಹೊದಿಸಿದ್ದೂ ತಪ್ಪೇ, ಉಸಿರು ಕಟ್ಟುತ್ತದೆ. ಗೂಡಿನ ಬಾಯಿಗೆ ಎರಡು ಬಿದಿರು ಅಡ್ಡ ಇಟ್ಟು, ಒಂದು ಕಡೆ ಇಳಿಜಾರು ಕೊಟ್ಟು, ಅರ್ಧ ಅಡಿ ಸಂದಿ ಬಿಟ್ಟು ಹೊದಿಸಬೇಕು.

ಗೂಡು 1ರಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆಹುಳು. ಕುಂಡಕ್ಕೆ ಹೋದರೆ ಬೇರು ತಿನ್ನುವ ಜಾತಿಯೂ ಇರುತ್ತದೆ, ಆರಿಸಿ ತೆಗೆಯುವುದೇ ದಾರಿ. ಮೈನಾಗಳು ಈ ಕೆಲಸವನ್ನು ಕೂಲಿಯಿಲ್ಲದೆ ಮಾಡಿದವು.

ಜೂನ್: ಜರಡಿ

ಮೊದಲು 1 ಸೆಂಟಿಮೀಟರ್, ಆಮೇಲೆ 4 ಮಿಲಿಮೀಟರ್. ನಗರ ಗೊಬ್ಬರವನ್ನು ಚೀಲ ಹೊಲಿದು ಮಾರುವವರಿಗೆ ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡವೂ ಅದೇ: 90% ಭಾಗ 4 ಮಿಮೀ ಜರಡಿಯಲ್ಲಿ ಇಳಿಯಬೇಕು, ತೇವ 15ರಿಂದ 25%. ನಮ್ಮದು ಬಿಡಿಯಾಗಿ ಅಕ್ಕಪಕ್ಕದ ಮನೆಗೆ, ಆದರೂ 4 ಮಿಮೀ ಬಿಡಲಿಲ್ಲ. ಕಾರಣ ಹಾಲಿನ ಪ್ಯಾಕೆಟ್ಟು. ಮೂಲೆ ಕತ್ತರಿಸಿ ಬಿಸಾಡಿದ ಆ ಚಿಕ್ಕ ತ್ರಿಕೋನ ಗುಡಿಸುವಾಗ ಎಲೆಯೊಂದಿಗೆ ಬರುತ್ತದೆ, ತುಂಬುವಾಗ ಕಣ್ಣಿಗೆ ಬೀಳುವುದಿಲ್ಲ, ದೊಡ್ಡ ಜರಡಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಚಿಕ್ಕ ಜರಡಿಯ ಮೇಲೆ ಮಾತ್ರ ಬೆಳ್ಳಗೆ ಹೊಳೆಯುತ್ತಾ ಕೂತಿರುತ್ತದೆ. ಮೂರನೇ ಗೂಡೊಂದರಲ್ಲೇ 61 ಸಿಕ್ಕವು. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ತುಂಡರಿಸದೆ ಸೀಳಿ ಹಾಗೇ ಬಿಟ್ಟರೆ ಈ ತ್ರಿಕೋನ ಹುಟ್ಟುವುದೇ ಇಲ್ಲ. 60 ಮನೆಗೂ ಹೇಳಿ ಆಗಿದೆ.

ಒದ್ದೆ ಗೊಬ್ಬರ ಜರಡಿಗೆ ಅಂಟುತ್ತದೆ. ನೆರಳಲ್ಲಿ ಎರಡು ದಿನ ಹರಡಿ ಆಮೇಲೆ ಜರಡಿ ಹಿಡಿಯಿರಿ. ಮಾಗಿದೆಯೇ ಎಂದು ನೋಡಲು ಒಂದು ಹಿಡಿಯನ್ನು ಒದ್ದೆ ಮಾಡಿ ಪಾಲಿಥೀನ್ ಕವರಿನಲ್ಲಿ ಬಿಗಿದು ಮೂರು ದಿನ ಇಟ್ಟು ಮೂಸಿ. ಮಣ್ಣಿನ ವಾಸನೆ ಬಂದರೆ ಸರಿ. ಹುಳಿಯೋ ಘಾಟೋ ಬಂದರೆ ಇನ್ನೂ ತಿಂಗಳು ಬೇಕು. ಜೊತೆಗೆ ಅರ್ಧ ಮಣ್ಣು ಅರ್ಧ ಗೊಬ್ಬರದಲ್ಲಿ 10 ಮೆಂತ್ಯ ಕಾಳು ಬಿತ್ತಿದೆವು. ಗೂಡು 1ರಲ್ಲಿ 9 ಮೊಳೆತವು, ಗೂಡು 5ರಲ್ಲಿ 4.

ಜುಲೈ: ಪುಸ್ತಕ

ಜರಡಿ ಹಿಡಿದ ಗೊಬ್ಬರ ಎಂಟೂ ಗೂಡಿನಿಂದ 372 ಕೆಜಿ, ತಡವಾಗಿ ಮಾಗಿದ ಐದನೆಯದೂ ಸೇರಿ. ಕೆಜಿಗೆ ₹12ರಂತೆ ಮಾರಿದ್ದರಿಂದ ₹4,464.

ಕೆಲಸದ ಗಂಟೆ, ಗೂಡೊಂದಕ್ಕೆ: ತುಂಬಲು 4, ನಾಲ್ಕು ಸಲ ಮಗುಚಲು 6, ನೀರಿಗೆ 3, ಜರಡಿಗೆ 3. ಒಟ್ಟು 16 ಗಂಟೆ, ಎರಡು ಆಳು-ದಿನ. ಎಂಟು ಗೂಡಿಗೆ 16 ಆಳು-ದಿನ, ಕೂಲಿ ₹11,200. ಗೊಬ್ಬರದ ದುಡ್ಡನ್ನೇ ಕೂಲಿಯಾಗಿ ಹಂಚಿದ್ದರೆ ದಿನಕ್ಕೆ ₹279 ಬೀಳುತ್ತಿತ್ತು. ‘ಕಸದಿಂದ ರಸ’ ಎಂದು ಭಾಷಣ ಮಾಡುವವರು ಈ ಸಾಲನ್ನು ಒಮ್ಮೆ ಓದಬೇಕು. ಜಾಲರಿಯ ಎರಡು ರೋಲ್‌ನ ಬೆಲೆಯೇ ಗೊಬ್ಬರದ ಆದಾಯಕ್ಕಿಂತ ಹೆಚ್ಚು, ಅದನ್ನು ಇಲ್ಲಿ ಸೇರಿಸಿಲ್ಲ.

ಕೂಲಿ ಹುಟ್ಟಿದ್ದು ಬೇರೆ ಕಡೆಯಿಂದ. ಮನೆಗೆ ತಿಂಗಳಿಗೆ ₹40, ಎಲೆ ಮತ್ತು ಸಿಪ್ಪೆ ಒಯ್ಯುವ ಸೇವೆಗೆ. 60ರಲ್ಲಿ 52 ಮನೆ ಆರು ತಿಂಗಳೂ ಕೊಟ್ಟವು: ₹12,480. ಕೂಲಿ ಕಳೆದು ಉಳಿದ ₹1,280 ಮತ್ತು ಗೊಬ್ಬರದ ದುಡ್ಡು ಸಗಣಿಯ ಆಟೋ, ಚೀಲ, ಫೋರ್ಕಿನ ಹಿಡಿಗೆ ಹೋಯಿತು. ಉಳಿಕೆ ಮುಂದಿನ ವರ್ಷದ ಮೂರನೇ ರೋಲ್‌ಗೆ ಜಮಾ. ಕೂಲಿ ಗೊಬ್ಬರ ಮಾರಾಟಕ್ಕೆ ಕಾಯದೆ ಪ್ರತಿ ಶನಿವಾರ ಕೈಸೇರುತ್ತಿತ್ತು. ಮೊದಲ ಚೀಲ ಮಾರಿದ್ದೇ ಜೂನ್‌ನಲ್ಲಿ, ಅಲ್ಲಿಯವರೆಗೆ ಯಾರು ಉಪವಾಸ ಇರುತ್ತಾರೆ?

ಹಾಗೆಂದು 16 ಆಳು-ದಿನ ಇಬ್ಬರ ಬದುಕಿಗೆ ಆಗುವ ಮಾತಲ್ಲ. ಬೆಂಗಳೂರಿನಲ್ಲಿ ಪಾಲಿಕೆ 2011ರಿಂದ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು, ಅವರಲ್ಲಿ ಕೆಲವರು ಈಗ ಒಣ ಕಸ ಕೇಂದ್ರ ನಡೆಸುತ್ತಾರೆ. ಇವರಿಬ್ಬರಿಗೂ ಮುಖ್ಯ ದುಡಿಮೆ ಅಂಥದೊಂದು ಕೇಂದ್ರದಲ್ಲೇ. ಗೂಡಿನ ಕೆಲಸ ಮೇಲುಸಂಪಾದನೆ. ಇಂಥ ಐದಾರು ಪಾರ್ಕು ಒಂದೇ ಜೋಡಿಯ ಕೈಗೆ ಸಿಕ್ಕರೆ ಲೆಕ್ಕ ಬದಲಾಗುತ್ತದೆ. ಮಗುಚುವ ದಿನಗಳನ್ನು ವಾರಕ್ಕೊಂದು ಪಾರ್ಕಿನಂತೆ ಹಂಚಬಹುದು, ಜರಡಿಯೂ ಒಂದೇ ಸಾಕು.

ಜರಡಿಯಲ್ಲಿ ಇಳಿಯದೆ ಉಳಿದ ತೊಟ್ಟು, ಕಡ್ಡಿ, ಬಾದಾಮಿ ಎಲೆಯ ನರಗಳೆಲ್ಲ ಒಂಬತ್ತು ಚೀಲ ಆಗಿವೆ. ಬಿಸಾಡುವುದಿಲ್ಲ. ಮುಂದಿನ ಜನವರಿಯಲ್ಲಿ ಸಗಣಿಯ ಬದಲು ಪದರಕ್ಕೊಂದು ಬಾಂಡಲಿ ಇದನ್ನೇ ಹಾಕಿ, ಗೂಡು 1ರ ಪಕ್ಕದಲ್ಲಿಟ್ಟು ಉಷ್ಣಾಂಶ ಹೋಲಿಸಬೇಕು. ಗೂಡು 5ರ ಒಂದು ಬದಿಯ ಬೆಸುಗೆ ಆರು ಕಡೆ ಬಿಟ್ಟಿದೆ, ತುಕ್ಕು. ಅಲ್ಲಿಗೆ ಬೈಂಡಿಂಗ್ ವೈರ್ ಎರಡು ಸುತ್ತು.